ಬೋಲ್ಟಣ್ಣನ ಸೀಟಿನ ಆಯಸ್ಸು

ಇದು ನಡೆದ ಕಥೆ. ನಡೆಸಿದವನು ನಾನೇ ಎಂಬುದಷ್ಟೇ ತೊಂದರೆ. ಕಟ್ಟುಕಥೆಯಾಗಿದ್ದರೆ ಕೊನೆಯನ್ನಾದರೂ ಬಿಚ್ಚಿ ಬೇರೆ ಕಟ್ಟಬಹುದಿತ್ತು. ಈ ಕಥೆಗೆ ಆ ಸೌಲಭ್ಯವಿಲ್ಲ, ಇದು ಅಂಟಿಸಿದ ಮಾಲು.

ನಮ್ಮದು ರೈಲು ಬೋಗಿಗಳಿಗೆ ಸೀಟು ಮಾಡುವ ಕಾರ್ಖಾನೆ. ಮೂರನೇ ಮಹಡಿಯಲ್ಲಿ ವಿನ್ಯಾಸ ವಿಭಾಗ, ಕೆಳಗೆ ಜಲ್ಲಿ ಹಾಸಿದ ಅಂಗಳ, ಅಂಗಳದಾಚೆ ತಗಡಿನ ಸೂರಿನ ರಿಪೇರಿ ಶೆಡ್ಡು. ಮೂರನೇ ಮಹಡಿಯ ಮೂಲೆಯಲ್ಲಿ, ಕಾಗದ ನುಂಗುವ ಪ್ರಿಂಟರಿನ ಪಕ್ಕದಲ್ಲಿ ಕೂತು, ನಾನು ಒಂದು ಸಾಫ್ಟ್‌ವೇರ್ ನಡೆಸುತ್ತೇನೆ. ಒಂದು ವಸ್ತು ತಯಾರಾಗುವ ಮೊದಲೇ ಅದರಿಂದ ಗಾಳಿಗೆ, ನೀರಿಗೆ, ಮಣ್ಣಿಗೆ ಎಷ್ಟು ಹೊರೆ ಬೀಳುತ್ತದೆ ಎಂದು ಅಂದಾಜು ಮಾಡಿ ನೂರಕ್ಕೆ ಇಷ್ಟು ಎಂದು ಅಂಕ ಕೊಡುವುದು ಅದರ ಕೆಲಸ. ಎಪ್ಪತ್ತು ದಾಟಿದರೆ ಹಸಿರು, ಐವತ್ತು ದಾಟಿದರೆ ಹಳದಿ, ಅದಕ್ಕಿಂತ ಕೆಳಗೆ ಕೆಂಪು. ಕೆಂಪು ಬಂದದ್ದನ್ನು ಯಾವ ಸಮಿತಿಯೂ ಆರಿಸುವಂತಿಲ್ಲ.

ಅದಕ್ಕೆ ಉಸಿರು ಕಟ್ಟುವಷ್ಟು ಉದ್ದದ ಹೆಸರಿದೆ. ನಾನಿಟ್ಟ ಹೆಸರು ಹಸಿರಜ್ಜಿ. ಬಾಡಿಗೆಗೆ ಮನೆ ಕೇಳಿಕೊಂಡು ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿ ವಿಚಾರಿಸುವ ಮನೆಯೊಡತಿ ಅಜ್ಜಿಯ ಹಾಗೆ ಅದು ಪ್ರತಿ ವಸ್ತುವನ್ನೂ ಕೇಳುತ್ತದೆ: ಎಲ್ಲಿಂದ ಬಂದೆ, ತೂಕವೆಷ್ಟು, ಏನು ತಿನ್ನುತ್ತೀ, ಎಷ್ಟು ವರ್ಷ ಇರುತ್ತೀ, ಹೋಗುವಾಗ ನಿನ್ನ ಕಸ ಎತ್ತುವವರು ಯಾರು? ನಾನು ಈ ಪ್ರಶ್ನೆಗಳನ್ನು ಅಜ್ಜಿಯ ದನಿಯಲ್ಲೇ ಓದುತ್ತಿದ್ದೆ. ಆಫೀಸಿನವರು ನಗುತ್ತಿದ್ದರು. ನನಗೆ ಅಷ್ಟು ಸಾಕಿತ್ತು. ಲಿಫ್ಟಿನೊಳಗಿನ ಹೆಂಗಸಿನ ದನಿ, ಪ್ರಿಂಟರಿನ ಕೆಮ್ಮು, ನಮ್ಮ ಮುಖ್ಯಸ್ಥರ ನಿಟ್ಟುಸಿರು, ಎಲ್ಲವೂ ನನ್ನ ಗಂಟಲಿನಲ್ಲಿ ಬಾಡಿಗೆಗಿದ್ದವು. ಮುಖ್ಯಸ್ಥರಿಗೆ ಇಡೀ ಕಾರ್ಖಾನೆ ನೋಡೋಣ ಸಾಹೇಬರು ಎನ್ನುತ್ತದೆ. ರಜೆ ಕೇಳಿದರೂ ನೋಡೋಣ, ಮೇಜಿಗೆ ಬೆಂಕಿ ಹತ್ತಿದೆ ಎಂದರೂ ನೋಡೋಣ.

ಈಗ ಬೋಲ್ಟಣ್ಣ. ನನ್ನ ಎದುರು ಮೇಜಿನವನು, ಸೀಟಿನ ವಿನ್ಯಾಸಗಾರ, ನನಗಿಂತ ಹದಿನೈದು ವರ್ಷ ದೊಡ್ಡವನು. ಅಂಟು ಎಂದರೆ ಅವನಿಗಾಗದು. ಲಕೋಟೆಯನ್ನೂ ಅಂಟಿಸದೆ ಪಿನ್ನು ಹೊಡೆಯುತ್ತಿದ್ದ. ಮೀಸೆ ಕಪ್ಪಗಿದ್ದ ಕಾಲದಲ್ಲಿ ಅವನು ಮಾಡಿದ ಸೀಟು ಹತ್ತೊಂಬತ್ತು ವರ್ಷಗಳಿಂದ ಹಳಿಗಳ ಮೇಲೆ ಓಡುತ್ತಿದೆ. ನಾಲ್ಕು ಬೋಲ್ಟು ಬಿಚ್ಚಿದರೆ ಕುಶನ್ನು ಕೈಗೆ ಬರುತ್ತದೆ. ಹಳೆಯ ಫೋಮ್ ತೆಗೆದು ಹೊಸದು ಹಾಕಿ, ರೆಕ್ಸಿನ್ನು ಹೊಲಿದು, ಮತ್ತೆ ನಾಲ್ಕು ಬೋಲ್ಟು. ಒಂಬತ್ತು ನಿಮಿಷದ ಕೆಲಸ. ಕಬ್ಬಿಣದ ಚೌಕಟ್ಟು ಹತ್ತೊಂಬತ್ತು ವರ್ಷದಲ್ಲಿ ಒಂದೂ ಸತ್ತಿಲ್ಲ.

ಈ ಒಂಬತ್ತು ನಿಮಿಷದ ಕೆಲಸ ನಡೆಯುತ್ತಿದ್ದದ್ದು ಆ ತಗಡಿನ ಶೆಡ್ಡಿನಲ್ಲಿ. ಹನ್ನೊಂದು ಹೆಂಗಸರು, ಮೂವರು ಗಂಡಸರು, ಅವರೆಲ್ಲರ ಮೇಲೆ ಬೋಲ್ಟಣ್ಣನ ಸ್ವಂತ ಅಕ್ಕ. ತಾಯಿಯಿಲ್ಲದ ತಮ್ಮನನ್ನು ಹೊಲಿಗೆ ಯಂತ್ರದ ಕೆಳಗೆ ಮಲಗಿಸಿಕೊಂಡು ಸಾಕಿದವಳು. ಶೆಡ್ಡಿಗೆಲ್ಲ ಅವಳು ಅಕ್ಕನೇ, ಅವಳಿಗಿಂತ ಹಿರಿಯರಿಗೂ.

ಈ ವರ್ಷ ಹೊಸ ಬೋಗಿಗಳಿಗೆ ಹೊಸ ಸೀಟು ಬೇಕಾಯಿತು. ಕಣದಲ್ಲಿ ಇದ್ದದ್ದು ಎರಡು. ಒಂದು, ಬೋಲ್ಟಣ್ಣನ ಅದೇ ಸೀಟಿನ, ಅದೇ ಫೋಮಿನ, ತುಸು ಹಗುರವಾದ ರೂಪ. ಇನ್ನೊಂದು, ಹೊರಗಿನ ಕಂಪನಿಯೊಂದರ ಅಂಟಿನ ಸೀಟು. ಅದರಲ್ಲಿ ಚೌಕಟ್ಟು, ಫೋಮ್, ರೆಕ್ಸಿನ್ನು ಎಲ್ಲವನ್ನೂ ಒಂದೇ ಮುದ್ದೆಯಾಗಿ ಅಂಟಿಸಿರುತ್ತಾರೆ. ಹಾಳಾದರೆ ಬಿಚ್ಚುವಂತಿಲ್ಲ, ಇಡಿಯಾಗಿ ಎಸೆಯಬೇಕು. ಬಿಚ್ಚುವುದೇ ಇಲ್ಲವೆಂದ ಮೇಲೆ ಬಿಚ್ಚುವ ಶೆಡ್ಡು ಯಾಕೆ? ಅಂಟಿನ ಸೀಟು ಬಂದರೆ ತಿಂಗಳ ಕೊನೆಗೆ ಶೆಡ್ಡಿಗೆ ಬೀಗ ಎಂದು ಮೊದಲೇ ಹೇಳಿಬಿಟ್ಟಿದ್ದರು. ತೀರ್ಮಾನಿಸಬೇಕಾದ ಸಮಿತಿಯಲ್ಲಿ ಐವರಿದ್ದರು, ಐವರೂ ತಂತಮ್ಮ ಕುರ್ಚಿಗೆ ಚೆನ್ನಾಗಿಯೇ ಅಂಟಿಕೊಂಡವರು.

ಹಸಿರಜ್ಜಿ ಅಂಟಿನ ಸೀಟಿಗೆ ಅರವತ್ತು ಕೊಟ್ಟಳು, ಬೋಲ್ಟಣ್ಣನದಕ್ಕೆ ಐವತ್ತೆಂಟು.

"ಎರಡೇ ಅಂಕ. ಅದೂ ಯಾಕೆ ಕಮ್ಮಿ ಹೇಳು?" ಎಂದು ಬೋಲ್ಟಣ್ಣ ನನ್ನ ಪರದೆಗೆ ಮೂಗು ತಾಗಿಸಿ ಕೇಳಿದ.

"ಆಯಸ್ಸು ಅಣ್ಣಾ. ನಿನ್ನ ಸೀಟಿಗೆ ಏಳು ವರ್ಷ ಅಂತ ತಗೊಂಡಿದ್ದಾಳೆ. ಅಂಟಿನದಕ್ಕೆ ಹನ್ನೆರಡು, ಇಡೀ ಮುದ್ದೆಗೆ ಒಂದೇ ಸರ್ಟಿಫಿಕೇಟು."

"ಏಳು ವರ್ಷ ಫೋಮಿನ ಆಯಸ್ಸಪ್ಪಾ. ಚೌಕಟ್ಟು ಮೂವತ್ತು ವರ್ಷ ಇರತ್ತೆ. ನಿನ್ನ ಚಪ್ಪಲಿ ಸವೆದ್ರೆ ಕಾಲನ್ನೂ ಎಸೀತೀಯಾ?"

"ನಾನು ಎಸೆಯಲ್ಲ. ಅಜ್ಜಿ ಎಸೀತಾಳೆ."

ಅಜ್ಜಿಯ ನಿಯಮ ಹಾಗಿತ್ತು. ವಸ್ತುವಿನೊಳಗೆ ಯಾವ ಭಾಗ ಮೊದಲು ಸಾಯುತ್ತದೋ ಅದೇ ಇಡೀ ವಸ್ತುವಿನ ಆಯಸ್ಸು. ರಿಪೇರಿ ಎಂಬ ಪ್ರಶ್ನೆ ಅವಳ ಬಾಯಲ್ಲೇ ಇರಲಿಲ್ಲ. ಬೋಲ್ಟಣ್ಣ ಈ ಬಗ್ಗೆ ಅಜ್ಜಿಯ ತವರಿಗೆ, ಅಂದರೆ ಸಾಫ್ಟ್‌ವೇರ್ ಮಾಡಿದ ಕಂಪನಿಯ ಸಹಾಯ ಕೇಂದ್ರಕ್ಕೆ, ಹದಿನಾಲ್ಕು ಪತ್ರ ಬರೆದಿದ್ದ. ಹದಿನಾಲ್ಕಕ್ಕೂ ಒಂದೇ ಉತ್ತರ ಬಂದಿತ್ತು: ನಿಮ್ಮ ಸಲಹೆ ನಮಗೆ ಅಮೂಲ್ಯ, ಮುಂದಿನ ಆವೃತ್ತಿಯಲ್ಲಿ ಪರಿಶೀಲಿಸಲಾಗುವುದು.

ಆದರೂ ಪೂರ್ತಿ ಕತ್ತಲೆಯೇನೂ ಇರಲಿಲ್ಲ. ಎರಡೂ ಹಳದಿ. ಹಳದಿಯೊಳಗೆ ಸಮಿತಿ ಯಾವುದನ್ನು ಬೇಕಾದರೂ ಆರಿಸಬಹುದು. ಬೋಗಿ ನಿರ್ವಹಣೆಯವರಿಗೆ ಬೋಲ್ಟಿನ ಸೀಟೇ ಇಷ್ಟ. ನೋಡೋಣ ಸಾಹೇಬರು ಲಿಫ್ಟಿನಲ್ಲಿ ಬೋಲ್ಟಣ್ಣನ ಹೆಗಲು ಮುಟ್ಟಿ, "ಎರಡು ಅಂಕ ತಾನೇ? ಏನೂ ಆಗಲ್ಲ, ನೋಡೋಣ," ಎಂದಿದ್ದರು. ಅವರ ಬಾಯಿಂದ ನೋಡೋಣಕ್ಕಿಂತ ಮೊದಲು ಬೇರೆ ಮಾತು ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಸಭೆ ಶುಕ್ರವಾರಕ್ಕಿತ್ತು.

ಬುಧವಾರ ಊಟದ ನಂತರ ನನಗೆ ಕೈ ಕೆರೆಯತೊಡಗಿತು. ಬೋಲ್ಟಣ್ಣ ಬೆಳಗಿನಿಂದ ಉಗುರು ಕಚ್ಚುತ್ತ ಕೂತಿದ್ದ. ಅವನನ್ನು ಸ್ವಲ್ಪ ಓಡಾಡಿಸಿ, ಚಹಾದ ಹೊತ್ತಿಗೆ ನಗಿಸಿ, ಹಗುರ ಮಾಡೋಣ ಎಂದುಕೊಂಡೆ. ನನ್ನ ಉದ್ದೇಶ ಒಳ್ಳೆಯದೇ ಇತ್ತು ಎಂದು ಹೇಳಿಕೊಳ್ಳಲು ಈ ವಾಕ್ಯ ಬರೆದೆ. ನಿಜ ಹೇಳಬೇಕೆಂದರೆ, ಸಹಾಯ ಕೇಂದ್ರದವನ ದನಿ ಆ ವಾರವಷ್ಟೇ ನನಗೆ ಕೈವಶವಾಗಿತ್ತು, ಯಾರ ಮೇಲಾದರೂ ಪ್ರಯೋಗಿಸದೆ ಇರಲು ಆಗುತ್ತಿರಲಿಲ್ಲ. ಜೇನಿನಲ್ಲಿ ಅದ್ದಿ ತೆಗೆದ ಗಂಟಲು, ಪ್ರತಿ ಮಾತಿನ ಬಾಲಕ್ಕೂ ಒಂದು 'ಅಲ್ವೇ ಸರ್'.

ಉಗ್ರಾಣದ ಕೋಣೆಗೆ ಹೋಗಿ, ರೆಕ್ಸಿನ್ ಸುರುಳಿಗಳ ನಡುವೆ ನಿಂತು, ಅಲ್ಲಿನ ಫೋನಿನಿಂದ ಬೋಲ್ಟಣ್ಣನಿಗೆ ಕರೆ ಮಾಡಿದೆ.

"ನಮಸ್ಕಾರ ಸರ್. ಮೌಲ್ಯಮಾಪನ ಸಹಾಯ ಕೇಂದ್ರದಿಂದ ಮಾತಾಡ್ತಿರೋದು. ನಿಮ್ಮ ಹದಿನಾಲ್ಕು ಪತ್ರನೂ ನನ್ನ ಮೇಜಿನ ಮೇಲೇ ಇವೆ. ಈಗ ಮೇಜೇ ಕಾಣ್ತಿಲ್ಲ, ಅಲ್ವೇ ಸರ್."

"ಹೌದಾ ಸರ್?" ಬೋಲ್ಟಣ್ಣ ಎದ್ದು ನಿಂತದ್ದು ಅವನ ಕುರ್ಚಿಯ ಕಿರುಚಾಟದಿಂದಲೇ ಗೊತ್ತಾಯಿತು.

"ನೀವು ಕೇಳಿದ್ದು ನ್ಯಾಯ ಅಂತ ತೀರ್ಮಾನ ಆಗಿದೆ ಸರ್. ರಿಪೇರಿ ಅಂತ ಹೊಸ ಕಾಲಮ್ಮು ತರ್ತಿದ್ದೀವಿ. ಎಷ್ಟು ಸಲ ರಿಪೇರಿ ಮಾಡಿ ಉಳಿಸಿಕೊಂಡಿದ್ದೀರೋ ಅಷ್ಟು ಅಂಕ. ಆದ್ರೆ ಪುರಾವೆ ಬೇಕು, ಅಲ್ವೇ ಸರ್. ಇವತ್ತು ನಾಲ್ಕು ಗಂಟೆ ಒಳಗೆ."

"ಕೊಡ್ತೀನಿ ಸರ್. ಎಷ್ಟು ಬೇಕಾದ್ರೂ ಕೊಡ್ತೀನಿ ಸರ್."

"ಸಾಕ್ಷಿ ಯಾರು ಸರ್?"

"ನಮ್ಮಕ್ಕ ಸರ್."

"ಅಕ್ಕ ಅಂದ್ರೆ ನಡೆಯಲ್ಲ ಸರ್. ಬರವಣಿಗೆ ಬೇಕು."

"ಬರೆದಿದ್ದಾಳೆ ಸರ್. ಹತ್ತೊಂಬತ್ತು ವರ್ಷದ್ದೂ ಬರೆದಿಟ್ಟಿದ್ದಾಳೆ. ಒಂದೊಂದು ಸೀಟಿನ ನಂಬರು, ತಾರೀಖು, ಎಲ್ಲ ಇದೆ ಸರ್."

"ಹಾಗಾದ್ರೆ ಎಲ್ಲಾನೂ ಪುರಾವೆ ಪೆಟ್ಟಿಗೆಗೆ ಹಾಕ್ಬಿಡಿ ಸರ್."

ಪುರಾವೆ ಪೆಟ್ಟಿಗೆ ಎಂಬುದು ಹಸಿರಜ್ಜಿಯ ಪರದೆಯ ಕೆಳತುದಿಯಲ್ಲಿ ನಿಜವಾಗಿಯೂ ಇತ್ತು. ಅದರೊಳಗೆ ಯಾರೂ ಏನನ್ನೂ ಹಾಕಿದ್ದನ್ನು ನಾನು ಕಂಡಿರಲಿಲ್ಲ. ಸುಮ್ಮನೆ ಮಾತಿಗೆ ರುಚಿ ಬರಲಿ ಎಂದು ಸೇರಿಸಿದೆ. ಗುಟ್ಟು ಒಡೆಯುವ ಕೊನೆಯ ಮಾತು ನನ್ನ ನಾಲಗೆಯ ತುದಿಯಲ್ಲಿ ಸಿದ್ಧವಾಗಿತ್ತು: ಇಷ್ಟೇ ಸಾಲದು ಸರ್, ಹತ್ತೊಂಬತ್ತು ವರ್ಷದಿಂದ ಆ ಸೀಟಿನ ಮೇಲೆ ಕೂತೆದ್ದವರೆಲ್ಲರ ಸಹಿಯೂ ಬೇಕು, ಕೂತ ಜಾಗದಲ್ಲೇ. ಅದನ್ನು ಕೇಳಿದರೆ ಎಂಥವನಿಗೂ ಬೆಳಕು ಹರಿಯುತ್ತಿತ್ತು. ಆದರೆ ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಬೋಲ್ಟಣ್ಣ, "ದೊಡ್ಡ ಉಪಕಾರ ಸರ್," ಎಂದು ಫೋನಿಟ್ಟುಬಿಟ್ಟ.

ನಾನು ಮೇಲೆ ಬರುವಾಗ ಅವನು ಲ್ಯಾಪ್‌ಟಾಪನ್ನು ಕಂಕುಳಲ್ಲಿ ಇರುಕಿಕೊಂಡು ಮೆಟ್ಟಿಲು ಇಳಿಯುತ್ತಿದ್ದ. ಲಿಫ್ಟಿಗೂ ಕಾದಿರಲಿಲ್ಲ.

"ಎಲ್ಲಿಗೆ ಅಣ್ಣಾ?"

"ಶೆಡ್ಡಿಗೆ. ನೀನೂ ಬಾ, ಓದಿ ಹೇಳೋರು ಬೇಕು. ಅವರು ಒಪ್ಪಿದ್ರಪ್ಪಾ. ಹದಿನೈದನೇ ಪತ್ರ ಬರೆಯೋ ಮೊದಲೇ ಒಪ್ಪಿಬಿಟ್ರು."

ಅಲ್ಲೇ, ಆ ಮೆಟ್ಟಿಲ ಮೇಲೆಯೇ, ಅಲ್ವೇ ಸರ್ ಎಂದು ಜೇನುಗಂಟಲಿನಲ್ಲಿ ಹೇಳಿಬಿಟ್ಟಿದ್ದರೆ ಮುಗಿದಿತ್ತು. ಆದರೆ ಮೆಟ್ಟಿಲ ಮೇಲೆ ಇದ್ದದ್ದು ನಾವಿಬ್ಬರೇ. ಕೇಳುವವರಿಲ್ಲದ ಕಡೆ ನಗೆಹನಿ ಒಡೆಯುವ ಅಭ್ಯಾಸ ನನಗಿಲ್ಲ. ಶೆಡ್ಡಿನಲ್ಲಿ ಹದಿನೈದು ಜನ ಇರುತ್ತಾರೆ ಎಂದು ಯೋಚಿಸಿದೆ.

ಅಕ್ಕ ಸುದ್ದಿ ಕೇಳಿದಳು. ಯಂತ್ರ ನಿಲ್ಲಿಸಿ, ಕೈಯನ್ನು ಮಡಿಲಿಗೆ ಒರೆಸಿಕೊಂಡು, ಕಬ್ಬಿಣದ ಬೀರುವಿನ ಬಾಗಿಲು ತೆಗೆದಳು. ಹತ್ತೊಂಬತ್ತು ರಿಜಿಸ್ಟರುಗಳು. ಪ್ರತಿಯೊಂದಕ್ಕೂ ಹಳೆಯ ರೆಕ್ಸಿನ್ನಿನ ಹೊದಿಕೆ ಹೊಲಿದಿದ್ದಳು, ಆಯಾ ವರ್ಷ ಓಡುತ್ತಿದ್ದ ಸೀಟಿನದೇ ಬಣ್ಣ. ನೀಲಿ, ಬೂದು, ಮತ್ತೆ ನೀಲಿ.

"ಇದನ್ನ ಇಷ್ಟು ವರ್ಷ ಯಾರೂ ಕೇಳಿರಲಿಲ್ಲ ಕಣೋ," ಎಂದಳು ತಮ್ಮನಿಗೆ.

"ಕೇಳದೆ ಇದ್ರೂ ಬರೆದ್ಯಲ್ಲಕ್ಕ."

"ಬರೀಬೇಕು ಅಂತ ಮೊದಲ ದಿನ ಹೇಳಿದ್ರು. ನಿಲ್ಲಿಸಿ ಅಂತ ಯಾರೂ ಹೇಳಲಿಲ್ಲ."

ಯಂತ್ರಗಳೆಲ್ಲ ನಿಂತವು. ಒಬ್ಬೊಬ್ಬರ ಕೈಗೆ ಒಂದೊಂದು ರಿಜಿಸ್ಟರು ಹೋಯಿತು. ಅವರು ಓದುವುದು, ಬೋಲ್ಟಣ್ಣ ಟೈಪು ಮಾಡುವುದು. ಗುಂಡಿ ಹೊಲಿಯುವ ದಪ್ಪ ಕನ್ನಡಕದಾಕೆಗೆ ತನ್ನದೇ ಹಳೆಯ ಅಕ್ಷರ ಗುರುತು ಸಿಗಲಿಲ್ಲ. "ಇದ್ಯಾರು ಹೀಗೆ ಕೋಳಿ ಕೆದರಿದ ಹಾಗೆ ಬರೆದಿರೋದು?" ಎಂದಳು. "ನೀನೇ, ಮದುವೆಗೆ ಮೊದಲು," ಎಂದಳು ಅಕ್ಕ. ಎಲ್ಲರೂ ನಕ್ಕರು. ಆ ನಗು ಕೇಳಿ ನನಗೆ ತಡೆಯಲಾಗಲಿಲ್ಲ. ಕಂಡದ್ದಕ್ಕೆಲ್ಲ ರೈಲು ನಿಲ್ದಾಣದ ಧ್ವನಿವರ್ಧಕದ ದನಿ ಕೊಡುವುದು ನನ್ನ ಹಳೆಯ ಆಟ. ರಿಜಿಸ್ಟರೊಂದನ್ನು ಎತ್ತಿಕೊಂಡು ಶುರು ಮಾಡಿದೆ.

"ಪ್ರಯಾಣಿಕರ ಗಮನಕ್ಕೆ. ಸೀಟು ಸಂಖ್ಯೆ ಇನ್ನೂರ ಹದಿನೇಳು, ನಾಲ್ಕು ವರ್ಷ ಎರಡು ತಿಂಗಳ ನಂತರ, ಫೋಮ್ ಬದಲಾವಣೆಗಾಗಿ, ಒಂದನೇ ಮೇಜಿಗೆ ಬರುತ್ತಿದೆ. ಸೀಟು ಸಂಖ್ಯೆ ಇನ್ನೂರ ಹದಿನೆಂಟು, ನಾಲ್ಕು ವರ್ಷ ತಡವಾಗಿ..."

ಶೆಡ್ಡು ಬಿದ್ದು ಬಿದ್ದು ನಕ್ಕಿತು. ಬೋಲ್ಟಣ್ಣ ನಗುತ್ತಲೇ ಟೈಪು ಮಾಡಿದ. ನಾಲ್ಕು ವರ್ಷ, ನಾಲ್ಕು ವರ್ಷ ಎರಡು ತಿಂಗಳು, ಮೂರು ವರ್ಷ ಒಂಬತ್ತು ತಿಂಗಳು. ನನ್ನ ಬಾಯಿಂದಲೇ ಬಂದ ಅಂಕಿಗಳು. ಅಂಕಿಯೇ ನನ್ನ ಕಸುಬು. ಆದರೂ ಆ ಹೊತ್ತು ನನ್ನ ಕಿವಿಗೆ ಬಿದ್ದದ್ದು ನಗು ಮಾತ್ರ. ಗುಟ್ಟನ್ನು ಯಾವಾಗ ಒಡೆಯಲಿ, ಈಗಲೋ, ಇನ್ನೊಂದು ಪುಟ ಆದ ಮೇಲೋ ಎಂದು ಹೊಂಚು ಹಾಕುತ್ತ ನಾನು ಇನ್ನೊಂದು ಪುಟ ಓದಿದೆ, ಮತ್ತೊಂದು ಪುಟ ಓದಿದೆ.

ನಾಲ್ಕಕ್ಕೆ ಐದು ನಿಮಿಷ ಇರುವಾಗ ಬೋಲ್ಟಣ್ಣ, "ಹಾಕಿದೆ," ಎಂದ.

"ಏನು ಹಾಕಿದೆ?"

"ಪುರಾವೆ ಪೆಟ್ಟಿಗೆಗೆ. ಸ್ವೀಕರಿಸಲಾಗಿದೆ ಅಂತ ಬಂತು ನೋಡು."

ಆಗಷ್ಟೇ ನಾನು ಓದಿದ ಅಂಕಿಗಳು ನನ್ನ ಕಿವಿಗೆ ಬಿದ್ದವು.

ಇದನ್ನು ಬಿಡಿಸಿ ಹೇಳಬೇಕು. ಬೋಲ್ಟಣ್ಣನ ಫೋಮಿಗೆ ಏಳು ವರ್ಷ ಎಂದು ಸರ್ಟಿಫಿಕೇಟು ಕೊಟ್ಟದ್ದು ಒಂದು ಯಂತ್ರ. ಪ್ರಯೋಗಶಾಲೆಯಲ್ಲಿ ಕಬ್ಬಿಣದ ಕುಂಡೆಯೊಂದು ಸೀಟಿನ ಮೇಲೆ ಲಕ್ಷಾಂತರ ಸಲ ಕೂತು ಏಳುತ್ತದೆ. ಅದು ಮರ್ಯಾದಸ್ಥ ಕುಂಡೆ. ನೆಟ್ಟಗೆ ಕೂರುತ್ತದೆ, ನೆಟ್ಟಗೆ ಏಳುತ್ತದೆ. ಕುಣಿಯುವುದಿಲ್ಲ, ಮೊಣಕಾಲೂರಿ ಕಿಟಕಿ ನೋಡುವುದಿಲ್ಲ, ಪೆಟ್ಟಿಗೆ ಎಸೆಯುವುದಿಲ್ಲ. ಮನುಷ್ಯರು ಕೂತ ಸೀಟಿನ ಫೋಮ್ ನಾಲ್ಕೇ ವರ್ಷಕ್ಕೆ ಚಪ್ಪಟೆಯಾಗುತ್ತದೆ. ಬೋಲ್ಟಣ್ಣನದು ಮಾತ್ರವಲ್ಲ, ಯಾರದ್ದಾದರೂ ಅಷ್ಟೇ. ಅದಕ್ಕೇ ತಾನೇ ಬೋಲ್ಟು, ಅದಕ್ಕೇ ತಾನೇ ಶೆಡ್ಡು. ರಿಪೇರಿಗೆ ಅಂಕ ಕೊಡುವ ಕಾಲಮ್ಮು ಇದ್ದಿದ್ದರೆ ಅಕ್ಕನ ರಿಜಿಸ್ಟರು ಚಿನ್ನ. ಆ ಕಾಲಮ್ಮು ಇದ್ದದ್ದು ಉಗ್ರಾಣದಲ್ಲಿ ನಿಂತಿದ್ದ ನನ್ನ ಬಾಯಲ್ಲಿ ಮಾತ್ರ. ಇನ್ನು ಹಸಿರಜ್ಜಿಯ ನಿಜವಾದ ನಿಯಮ ಹೀಗಿತ್ತು: ಬಳಕೆಯಲ್ಲಿ ಅಳೆದ ಆಯಸ್ಸು ಪೆಟ್ಟಿಗೆಗೆ ಬಂದರೆ ಯಂತ್ರದ ಸರ್ಟಿಫಿಕೇಟು ರದ್ದು, ಅಳೆದದ್ದೇ ಅಂತಿಮ. ಕೆಟ್ಟ ಅಂಕಿಯನ್ನು ಕಂಪನಿಗಳು ಮುಚ್ಚಿಡಬಾರದು ಎಂದು, ಒಮ್ಮೆ ಹಾಕಿದ್ದನ್ನು ತೆಗೆಯಲೂ ಬಿಡುವುದಿಲ್ಲ.

ನಾನು ಮೂರನೇ ಮಹಡಿಗೆ ಓಡಿ ನನ್ನ ಪರದೆ ನೋಡಿದೆ. ಬೋಲ್ಟಣ್ಣನ ಸೀಟು, ಆಯಸ್ಸು ನಾಲ್ಕು ವರ್ಷ ಒಂದು ತಿಂಗಳು, ಅಂಕ ಮೂವತ್ತೊಂಬತ್ತು. ಕೆಂಪು.

ಗುರುವಾರ ಇಡೀ ದಿನ ನಾನು ಹಿಂಪಡೆಯುವ ಅರ್ಜಿ ತುಂಬಿದೆ. ಕಾರಣ ಕೇಳಿ ಮೂರು ಚೌಕ ಕೊಟ್ಟಿದ್ದರು: ಅಂಕಿ ತಪ್ಪು, ವಸ್ತು ತಪ್ಪು, ಅಳತೆ ತಪ್ಪು. ಯಾವುದೂ ತಪ್ಪಿರಲಿಲ್ಲ. ಅಂಕಿ ತಪ್ಪು ಎಂದು ಒತ್ತಿದರೆ ಸರಿಯಾದ ಅಂಕಿ ಮತ್ತು ಅದರ ಪುರಾವೆ ಕೇಳಿತು. ಬೋಲ್ಟಣ್ಣ ಆ ದಿನ ಎರಡು ಸಲ ನನಗೆ ಚಹಾ ತಂದುಕೊಟ್ಟ. ಉಗುರು ಕಚ್ಚುವುದನ್ನು ಬಿಟ್ಟಿದ್ದ. ಅಕ್ಕ ಹೊಸ ವರ್ಷದ ರಿಜಿಸ್ಟರಿಗೆ ಹೊದಿಕೆ ಹೊಲಿಯಲು ಕೂತಿದ್ದಾಳೆ ಎಂದು ಹೇಳಿದ. ನಾನು ಪರದೆಯನ್ನು ಅವನಿಗೆ ಕಾಣದ ಹಾಗೆ ತಿರುಗಿಸಿಕೊಂಡು ಚಹಾ ಕುಡಿದೆ.

ಶುಕ್ರವಾರ ಸಭೆಯಲ್ಲಿ ನಾನೇ ಪರದೆ ಹಚ್ಚಬೇಕಿತ್ತು, ಅದು ನನ್ನ ಕೆಲಸ. ಹಚ್ಚಿದೆ. ಅಂಟಿನ ಸೀಟು ಹಳದಿಯಾಗಿ, ಬೋಲ್ಟಣ್ಣನದು ಕೆಂಪಾಗಿ ಗೋಡೆಯ ತುಂಬ ಬಂದವು.

ಬೋಲ್ಟಣ್ಣ ಮೊದಲು ನಕ್ಕ. "ಬಣ್ಣ ಅದಲುಬದಲಾಗಿದೆ. ಸರಿ ಮಾಡಪ್ಪಾ," ಎಂದ.

ನಾನು ಕೆಂಪಿನ ಕೆಳಗಿದ್ದ ಪುರಾವೆಯ ಪುಟ ತೆರೆದೆ.

"ಈ ಪುರಾವೆ ಕಳಿಸಿದ್ದು ಯಾರು?" ನೋಡೋಣ ಸಾಹೇಬರು ಕೇಳಿದರು.

"ನಾನೇ ಸರ್. ಸಹಾಯ ಕೇಂದ್ರದವರೇ ಫೋನ್ ಮಾಡಿ ಕೇಳಿದ್ರು. ರಿಪೇರಿ ಕಾಲಮ್ಮು ಬರುತ್ತೆ ಅಂದ್ರು."

ಸಾಹೇಬರು ಮೇಜಿನ ಮೇಲಿನ ಫೋನನ್ನು ಎಲ್ಲರಿಗೂ ಕೇಳುವ ಹಾಗೆ ಮಾಡಿ ಸಹಾಯ ಕೇಂದ್ರಕ್ಕೆ ಕರೆ ಹಚ್ಚಿದರು. ಹನ್ನೊಂದು ನಿಮಿಷ ಸಂಗೀತ ಕೇಳಿದೆವು. ಆಮೇಲೆ ಅಸಲಿ ಜೇನುಗಂಟಲು ಬಂತು. ಅಂಥ ಕಾಲಮ್ಮು ಯಾವುದೂ ಇಲ್ಲ, ಅಂಥ ಕರೆಯನ್ನು ಯಾರೂ ಮಾಡಿಲ್ಲ, ಅಲ್ವೇ ಸರ್, ಎಂದಿತು.

ಬೋಲ್ಟಣ್ಣ ಫೋನನ್ನು ನೋಡಿದ. ಆಮೇಲೆ ನಿಧಾನವಾಗಿ ನನ್ನನ್ನು ನೋಡಿದ. ನಾಲ್ಕು ವರ್ಷ ನನ್ನ ಎದುರು ಕೂತವನು.

"ನಾನು ಮಾಡಿದ್ದು ಸರ್," ಎಂದೆ. ನನ್ನದೇ ದನಿಯಲ್ಲಿ. ಅದು ನನಗೇ ಗುರುತು ಸಿಗದ ಹಾಗಿತ್ತು. "ತಮಾಷೆಗೆ." ಅಂದು ಆ ಕೋಣೆಯಲ್ಲಿ ಎರಡು ಬಣ್ಣ ಬಯಲಾದವು, ಗೋಡೆಯ ಮೇಲಿನದೊಂದು, ನನ್ನದೊಂದು.

ಸಾಹೇಬರು ನನ್ನನ್ನು ಬೈಯಲಿಲ್ಲ. ಫೋನಿನತ್ತ ಬಾಗಿ, ತಮಾಷೆಗೆ ಕಳಿಸಿದ ಪುರಾವೆಯನ್ನು ಹಿಂದಕ್ಕೆ ಪಡೆಯಬಹುದೇ ಎಂದು ಕೇಳಿದರು.

"ತಮಾಷೆಗೆ ಕಳಿಸಿದ್ರೂ ಅಂಕಿ ನಿಜ ತಾನೇ ಸರ್?" ಎಂದಿತು ಜೇನುಗಂಟಲು. "ಇಷ್ಟು ಪ್ರಾಮಾಣಿಕವಾದ ದಾಖಲೆ ನಮಗೆ ಎಲ್ಲಿಂದಲೂ ಬಂದಿಲ್ಲ. ತರಬೇತಿಯಲ್ಲಿ ಮಾದರಿ ಅಂತ ತೋರಿಸ್ತೀವಿ ಸರ್. ಇನ್ನು ರಿಪೇರಿ ವಿಷಯ, ನಿಮ್ಮ ಸಲಹೆ ನಮಗೆ ಅಮೂಲ್ಯ..."

ಮುಂದಿನದು ನಮಗೆಲ್ಲ ಬಾಯಿಪಾಠವಿತ್ತು. ಸಾಹೇಬರು ಫೋನಿಟ್ಟರು.

"ಅಂಟಿನ ಸೀಟು ಹನ್ನೆರಡು ವರ್ಷ ಇರತ್ತೆ ಅಂತ ಯಾರು ಅಳೆದಿದ್ದಾರೆ ಸರ್?" ಬೋಲ್ಟಣ್ಣ ಕೇಳಿದ. ಮೆಲ್ಲಗೆ ಕೇಳಿದ. "ಅದರೊಳಗಿರೋದೂ ಇಂಥದ್ದೇ ಫೋಮು."

"ಅಳೆದಿರೋರು ಯಾರೂ ಇಲ್ಲ. ಅದಕ್ಕೇ ಸರ್ಟಿಫಿಕೇಟು ನಡೆಯತ್ತೆ," ಎಂದರು ಸಮಿತಿಯ ಇನ್ನೊಬ್ಬರು. ಅವರು ವ್ಯಂಗ್ಯವಾಡುತ್ತಿರಲಿಲ್ಲ. ನಿಯಮ ವಿವರಿಸುತ್ತಿದ್ದರು.

ಅಂಟಿನ ಸೀಟು ಆಯ್ಕೆಯಾಯಿತು. ಏಳುವ ಮುಂಚೆ ಅದೇ ಸದಸ್ಯರು ನನಗೊಂದು ಸಣ್ಣ ಕೆಲಸ ಹೇಳಿದರು. ಶೆಡ್ಡು ಮುಚ್ಚುವುದರಿಂದ ದೀಪ, ಫ್ಯಾನು, ಹದಿನಾಲ್ಕು ಹೊಲಿಗೆ ಯಂತ್ರಗಳ ವಿದ್ಯುತ್ತು ಉಳಿಯುತ್ತದಲ್ಲ, ಅದನ್ನು ಅಂಟಿನ ಸೀಟಿನ ಪರಿಸರ ಲಾಭ ಎಂದು ಹಾಕು. ಅಲ್ಲೇ ಕೂತು ಹಾಕಿದೆ. ಅರವತ್ತು ಇದ್ದದ್ದು ಎಪ್ಪತ್ತೊಂದಾಯಿತು. ಹಸಿರು. ಬೋಲ್ಟಣ್ಣ ನನ್ನ ಹಿಂದೆ ನಿಂತು ನೋಡುತ್ತಿದ್ದ.

ಅಕ್ಕನಿಗೆ ಹೇಳಬೇಕಿತ್ತು. ಇಬ್ಬರೂ ಅಂಗಳ ದಾಟಿದೆವು. ಜಲ್ಲಿ ಕಲ್ಲು ಕಾಲಡಿ ಕರಕರ ಎನ್ನುತ್ತಿತ್ತು. ಬೋಲ್ಟಣ್ಣ ಬೈದಿದ್ದರೆ, ಕೆನ್ನೆಗೊಂದು ಕೊಟ್ಟಿದ್ದರೆ ಎಂದು ಹಾರೈಸುತ್ತ ನಾನು ಅವನಿಗಿಂತ ಎರಡು ಹೆಜ್ಜೆ ಹಿಂದೆ ನಡೆದೆ.

ಶೆಡ್ಡಿನಲ್ಲಿ ಯಂತ್ರಗಳು ತಾವಾಗಿ ನಿಂತವು. ಬೋಲ್ಟಣ್ಣ ವಿಷಯವನ್ನು ನಾಲ್ಕು ಮಾತಿನಲ್ಲಿ ಹೇಳಿ ಮುಗಿಸಿದ. ಫೋನಿನ ಸಂಗತಿಯನ್ನು ನಾನು ಹೇಳಿದೆ. ಯಾರೂ ನನ್ನ ಮುಖ ನೋಡಲಿಲ್ಲ. ಕನ್ನಡಕದಾಕೆ ಕನ್ನಡಕ ತೆಗೆದು ಒರೆಸತೊಡಗಿದಳು.

"ಅಂದ್ರೆ ನಾವು ಬರೆದಿಟ್ಟದ್ದೇ ತಪ್ಪಾಯ್ತಾ?" ಅಕ್ಕ ಕೇಳಿದಳು.

"ತಪ್ಪಲ್ಲಕ್ಕ. ಸರಿಯಾಗಿ ಬರೆದದ್ದು..." ಎಂದೆ ನಾನು.

"ಅಂಟಿನ ಸೀಟಿಗೆ ಯಾರು ಬರೀತಾರೆ?"

"ಯಾರೂ ಬರೆಯಲ್ಲ."

"ಹಾಗಿದ್ರೆ ಅದು ಯಾವಾಗ ಸತ್ತಿತು ಅಂತ ಹೇಗೆ ಗೊತ್ತಾಗತ್ತೆ?"

"ಗೊತ್ತಾಗಲ್ಲ ಅಕ್ಕ. ಅದಕ್ಕೇ ಹನ್ನೆರಡು ವರ್ಷ."

ಅವಳು ತಲೆಯಾಡಿಸಿದಳು. ಮೇಜಿನ ಮೇಲೆ ಹೊಸ ರಿಜಿಸ್ಟರು ಇತ್ತು. ಮೂರು ಬದಿ ಹೊಲಿಗೆ ಮುಗಿದಿತ್ತು, ನಾಲ್ಕನೆಯದರಲ್ಲಿ ಸೂಜಿ ಹಾಗೇ ನಿಂತಿತ್ತು.

ಆಗ ಬೋಲ್ಟಣ್ಣ ಒಂದು ಕುಶನ್ನಿನ ಮೇಲೆ ಕೂತ. "ಮಾಡು," ಎಂದ ನನಗೆ.

"ಏನು?"

"ಆ ಫೋನು. ಅವತ್ತು ಮಾಡಿದ ಹಾಗೇ ಮಾಡು. ಇವರ್ಯಾರೂ ಕೇಳಿಲ್ಲ."

"ಬೇಡ ಅಣ್ಣಾ."

"ಮಾಡಪ್ಪಾ. ಶೆಡ್ಡು ಹೋಯ್ತು, ತಮಾಷೆನಾದ್ರೂ ನೋಡ್ಲಿ." ಪಕ್ಕದಲ್ಲಿದ್ದ ಸ್ಪ್ಯಾನರನ್ನು ಕಿವಿಗೆ ಇಟ್ಟುಕೊಂಡ. "ಹಲೋ, ಯಾರು ಸರ್?"

ನಾನು ದಾರದ ಉರುಳೆಯೊಂದನ್ನು ಕಿವಿಗಿಟ್ಟುಕೊಂಡೆ. ಗಂಟಲಿಗೆ ಜೇನು ಬಾರದೆ ಎರಡು ಸಲ ಕೆಮ್ಮಿದೆ. ಹದಿನಾಲ್ಕು ಪತ್ರ ನನ್ನ ಮೇಜಿನ ಮೇಲೇ ಇವೆ ಎಂದೆ. ಬೋಲ್ಟಣ್ಣ ತಟ್ಟನೆ ಎದ್ದು ನಿಂತು, ಎದೆಗೆ ಕೈಯಿಟ್ಟು, "ಹೌದಾ ಸರ್?" ಎಂದ. ಅವನು ತನ್ನನ್ನೇ ಅಣಕಿಸುತ್ತಿದ್ದ. ಆ ಆತುರ, ಆ ಬಾಗಿದ ಬೆನ್ನು, 'ಎಷ್ಟು ಬೇಕಾದ್ರೂ ಕೊಡ್ತೀನಿ ಸರ್' ಎನ್ನುವಾಗ ಒಡೆಯುವ ದನಿ. ಇಷ್ಟು ವರ್ಷ ಅವನ ಎದುರು ಕೂತು ನನಗೆ ಒಮ್ಮೆಯೂ ಸರಿಯಾಗಿ ಬಂದಿರಲಿಲ್ಲ. ಮೂಲೆಯಲ್ಲಿ ಯಾರೋ ಮೂಗಿನಲ್ಲಿ ನಕ್ಕರು.

"ಸಾಕ್ಷಿ ಯಾರು ಸರ್?"

"ನಮ್ಮಕ್ಕ ಸರ್," ಎಂದು ಅವನು ಸ್ಪ್ಯಾನರಿನಿಂದ ಅಕ್ಕನತ್ತ ತೋರಿಸಿದ. ಈಗ ನಾಲ್ಕೈದು ಜನ ನಕ್ಕರು. ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಗುವಿಗೋ ಏನಕ್ಕೋ ತಿಳಿಯಲಿಲ್ಲ.

ಪುರಾವೆ ಪೆಟ್ಟಿಗೆಯ ಮಾತು ಬಂತು. "ದೊಡ್ಡ ಉಪಕಾರ ಸರ್," ಎಂದ ಬೋಲ್ಟಣ್ಣ. ಅಂದು ಇಲ್ಲಿಗೇ ಮುಗಿದಿತ್ತು. ಆದರೆ ಈ ಸಲ ಅವನು ಫೋನು ಇಡಲಿಲ್ಲ. ಸ್ಪ್ಯಾನರನ್ನು ಕಿವಿಗೆ ಒತ್ತಿಕೊಂಡೇ ನನ್ನನ್ನು ನೋಡುತ್ತ ನಿಂತ.

"ಮುಂದೆ?" ಎಂದ. "ತಮಾಷೆ ಅಂದ್ಮೇಲೆ ಅವತ್ತು ಇನ್ನೂ ಏನೋ ಹೇಳೋದಿತ್ತಲ್ವಾ ನಿನಗೆ. ಹೇಳು."

"ಇಷ್ಟೇ ಸಾಲದು ಸರ್," ಎಂದೆ. "ಹತ್ತೊಂಬತ್ತು ವರ್ಷದಿಂದ ಆ ಸೀಟಿನ ಮೇಲೆ ಕೂತೆದ್ದವರೆಲ್ಲರ ಸಹಿಯೂ ಬೇಕು. ಕೂತ ಜಾಗದಲ್ಲೇ, ಅಲ್ವೇ ಸರ್."

ಮೊದಲು ಕನ್ನಡಕದಾಕೆ ನಕ್ಕಳು, ಅವಳ ಪಕ್ಕದವಳು ನಕ್ಕಳು, ಗಂಡಸರು ಮೇಜು ತಟ್ಟಿದರು. ಅವರೆಲ್ಲರ ಮೇಲೆ ಬೋಲ್ಟಣ್ಣನ ನಗು ಎದ್ದಿತು. ಸ್ಪ್ಯಾನರು ಕೈಯಿಂದ ಜಾರಿ ನೆಲಕ್ಕೆ ಬಿತ್ತು. ಅವನು ಹೊಟ್ಟೆ ಹಿಡಿದುಕೊಂಡು ಕುಶನ್ನಿನ ಮೇಲೆ ಕುಸಿದ, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕ. ಉಳಿದವರು ಒಬ್ಬೊಬ್ಬರಾಗಿ ನಿಲ್ಲಿಸಿದರು. ಅಕ್ಕ, "ಸಾಕೋ, ಸಾಕು," ಎಂದು ಅವನ ಬೆನ್ನ ಮೇಲೆ ಕೈಯಿಟ್ಟಳು. ಅವನು "ಕೂತ ಜಾಗದಲ್ಲೇ, ಕೂತ ಜಾಗದಲ್ಲೇ," ಎನ್ನುತ್ತ ಕೂತ ಜಾಗವನ್ನೇ ಅಂಗೈಯಿಂದ ತಟ್ಟುತ್ತ ಇನ್ನೂ ನಗುತ್ತಿದ್ದ.